ಮಕ್ಕಳ ಪ್ರಾಜೆಕ್ಟಿಗೆ ಮನೆಯಲ್ಲಿ ನಾವೇನು ಮಾಡಬೇಕು?



ಕಳೆದ ತಿಂಗಳು ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು ಮುಗಿಸಿ, ಪುಸ್ತಕ ಮುಚ್ಚುವ ಹೊತ್ತಿಗೆ ಒಬ್ಬ ಸದಸ್ಯೆ ಮಾತು ತೆಗೆದರು. “ಏನ್ ಸಿಸ್ಟರ್, ಈ ಪ್ರಾಜೆಕ್ಟ್ ಪ್ರಾಜೆಕ್ಟ್ ಅಂತ ಮಕ್ಕಳು ಪ್ರಾಣ ತಿಂತಾವೆ. ಮೊನ್ನೆ ಚಾರ್ಟು, ಬಣ್ಣದ ಪೆನ್ನು, ಅದೇನೋ ಪ್ರಿಂಟ್‌ಔಟು ಅಂತ 120 ರೂಪಾಯಿ ಹೋಯ್ತು. ನನ್ನ ಒಂದು ವಾರದ ಉಳಿತಾಯಕ್ಕಿಂತ ಜಾಸ್ತಿ!” ಪಕ್ಕದಲ್ಲಿ ಕೂತವರು ಸುಮ್ಮನಿರಲಿಲ್ಲ. “ನಿನ್ ಮಗಳು ದುಡ್ಡಾದ್ರೂ ಕೇಳಿದ್ಲು. ನನ್ ಮಗಳು ಎರಡು ದಿನದಿಂದ ನಾನು ಎಷ್ಟು ಗಂಟೆಗೆ ಏಳ್ತೀನಿ, ಎಷ್ಟು ಗಂಟೆಗೆ ಮಲಗ್ತೀನಿ ಅಂತ ಬರ್ಕೊಂಡು ಹಿಂದೆ ಹಿಂದೆ ಸುತ್ತುತ್ತಾ ಅವಳೆ. ನಾನೇನು ಕಳ್ಳಿಯಾ?” ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಬಂದ ಮೇಲೆ ಯೋಚನೆ ಬಂತು. ಈ ತಾಯಂದಿರಿಗೆ ಇದು ಏನು, ಯಾಕೆ ಎಂದು ನಾವು ಸರಿಯಾಗಿ ಹೇಳಿಯೇ ಇಲ್ಲವಲ್ಲ! ಆದ್ದರಿಂದ ಈ ಸಂಚಿಕೆಯಲ್ಲಿ ಅದನ್ನೇ ಪಾಠವಾಗಿ ತೆಗೆದುಕೊಂಡಿದ್ದೇವೆ.

ಆ ಚಾರ್ಟು ಶಾಲೆಯದ್ದು. ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಪಾಠದ ಜೊತೆ ಪ್ರಾಜೆಕ್ಟು, ಚಟುವಟಿಕೆ ಕೊಡುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಬಿಟ್ಟು ಉಳಿದ ವಿಷಯಗಳಿಗೆ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಶಾಲೆಯೊಳಗಿನ ಮೌಲ್ಯಮಾಪನಕ್ಕೆ ಎಂದು ನೀವು ಕೇಳಿರಬಹುದು. ತಾಯಿಯ ಹಿಂದೆ ಸುತ್ತುತ್ತಿದ್ದ ಎರಡನೆಯ ಹುಡುಗಿಯದ್ದು ನಮ್ಮ ಕೇಂದ್ರದ ಶನಿವಾರದ ಜೀವನ ಕೌಶಲ್ಯ ತರಗತಿಯ ಕೆಲಸ. ಅದಕ್ಕೆ ಅಂಕ ಇಲ್ಲ, ರ‍್ಯಾಂಕ್ ಇಲ್ಲ, ಪಾಸು ಫೇಲು ಇಲ್ಲ. “ಅಂಕ ಇಲ್ಲದ ಮೇಲೆ ಯಾಕೆ ಮಾಡ್ಬೇಕು?” ಎಂದು ಮಕ್ಕಳೂ ಕೇಳುತ್ತಾರೆ, ಅಪ್ಪಂದಿರೂ ಕೇಳುತ್ತಾರೆ.

ಜೀವನ ಕೌಶಲ್ಯ ಎಂದರೆ ಹೊಲಿಗೆ, ಕಸೂತಿ, ಕೇಕ್ ಮಾಡುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಅವು ವೃತ್ತಿ ಕೌಶಲ್ಯಗಳು, ಅವೂ ಬೇಕು. ಆದರೆ ಇದು ಬೇರೆ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಹದಿಹರೆಯದ ಮಕ್ಕಳಿಗೆ ಅಗತ್ಯವಾಗಿ ಬೇಕಾದ 10 ಕೌಶಲ್ಯಗಳನ್ನು ಗುರುತಿಸಿದರು. ನಮ್ಮ ಮನೆ ಮಾತಿನಲ್ಲಿ ಹೇಳುವುದಾದರೆ: ತನ್ನನ್ನು ತಾನು ಅರಿತುಕೊಳ್ಳುವುದು, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು, ಹೇಳಬೇಕಾದ್ದನ್ನು ಸರಿಯಾಗಿ ಹೇಳುವುದು, ಸಂಬಂಧ ಕಾಪಾಡಿಕೊಳ್ಳುವುದು, ಕೇಳಿದ್ದನ್ನೆಲ್ಲ ನಂಬದೆ ತೂಗಿ ನೋಡುವುದು, ಹೊಸ ದಾರಿ ಹುಡುಕುವುದು, ತೀರ್ಮಾನ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ಸಿಟ್ಟು ದುಃಖಗಳನ್ನು ನಿಭಾಯಿಸುವುದು, ಮನಸ್ಸಿನ ಒತ್ತಡವನ್ನು ನಿಭಾಯಿಸುವುದು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 2000ದ ದಶಕದಲ್ಲಿ ಪ್ರೌಢಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು, ಆಟ, ಪಾತ್ರಾಭಿನಯ, ಗುಂಪು ಚರ್ಚೆಗಳ ಮೂಲಕ ಇದನ್ನು ಕಲಿಸುವ ಕ್ರಮ ರೂಪಿಸಿದರು. 2020ರ ಫೆಬ್ರವರಿಯಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲೂ ಪ್ರತಿ ಶಾಲೆಯ ಇಬ್ಬರು ಶಿಕ್ಷಕರು ವಾರಕ್ಕೊಮ್ಮೆ ಇಂಥ ವಿಷಯಗಳನ್ನು ಹೇಳಿಕೊಡಬೇಕು ಎಂದಿದೆ.

ಪಟ್ಟಿ ಕೇಳಿ ಗಾಬರಿ ಬೀಳಬೇಡಿ. ಈ ಹತ್ತರಲ್ಲಿ ಎಷ್ಟನ್ನು ನೀವು ಈಗಾಗಲೇ ಕಲಿತಿದ್ದೀರಿ ಎಂದು ಒಮ್ಮೆ ಲೆಕ್ಕ ಹಾಕಿ. ಸಂಘಕ್ಕೆ ಬಂದ ಮೊದಲ ದಿನ ನಿಮ್ಮ ಹೆಸರು ಹೇಳಲು ಸೆರಗು ಬಾಯಿಗೆ ಹಿಡಿದವರು ನೀವು. ಈಗ ಬ್ಯಾಂಕ್ ಮ್ಯಾನೇಜರ್ ಎದುರು ಕುರ್ಚಿ ಎಳೆದುಕೊಂಡು ಕೂತು “ನಮ್ ಸಾಲ ಯಾಕೆ ತಡ ಆಯ್ತು ಸಾರ್?” ಅನ್ನುತ್ತೀರಿ. ಒಬ್ಬಳಿಗೆ ಹೆರಿಗೆ ಖರ್ಚಿಗೆ ಬೇಕು, ಇನ್ನೊಬ್ಬಳಿಗೆ ಹಸುವಿಗೆ ಬೇಕು, ಇರುವ ಹಣ ಒಬ್ಬರಿಗೆ ಸಾಕಾಗುವಷ್ಟು ಮಾತ್ರ. ಅಂಥ ಹೊತ್ತಿನಲ್ಲಿ ಜಗಳವಾಡದೆ ತೀರ್ಮಾನ ಮಾಡಿದ್ದೀರಿ. ಇದನ್ನೆಲ್ಲ ನಿಮಗೆ ಯಾರೂ ಭಾಷಣ ಮಾಡಿ ಕಲಿಸಲಿಲ್ಲ. ವಾರ ವಾರ ಕೂತು, ತಪ್ಪು ಮಾಡಿ, ತಿದ್ದಿಕೊಂಡು ಕಲಿತಿರಿ. ಮಕ್ಕಳೂ ಹಾಗೆಯೇ ಕಲಿಯಬೇಕು. “ಧೈರ್ಯವಾಗಿರಬೇಕು” ಎಂದು ಚಾರ್ಟಿನ ಮೇಲೆ ಬರೆದರೆ ಧೈರ್ಯ ಬರುವುದಿಲ್ಲ. ಆದ್ದರಿಂದಲೇ ತರಗತಿಯಲ್ಲಿ ಒಂದೂವರೆ ಗಂಟೆ ಹೇಳಿದ್ದನ್ನು ಮನೆಯಲ್ಲಿ ಒಂದು ವಾರ ಮಾಡಿ ನೋಡಿ ಎಂದು ಪ್ರಾಜೆಕ್ಟ್ ಕೊಡುವುದು.

ಮೊದಲು ನಾವು ಕೊಡುತ್ತಿದ್ದ ಪ್ರಾಜೆಕ್ಟುಗಳೂ ಸುಮಾರಾಗಿದ್ದವು ಎಂದು ಒಪ್ಪಿಕೊಳ್ಳಬೇಕು. “ಒಳ್ಳೆಯ ಗುಣಗಳು” ಎಂದು ಚಾರ್ಟ್ ಮಾಡಿಸಿದೆವು. 22 ಮಕ್ಕಳು ಒಂದೇ ಅಂಗಡಿಯ ಒಂದೇ ಸ್ಟಿಕ್ಕರ್ ಅಂಟಿಸಿಕೊಂಡು ಬಂದರು. ಮೂವರ ಚಾರ್ಟ್ ಅಕ್ಕಂದಿರ ಕೈಬರಹದಲ್ಲಿತ್ತು, ಒಂದು ತಾಯಿಯದ್ದೇ. ಆಮೇಲೆ ನಿಯಮ ಮಾಡಿಕೊಂಡೆವು: ಕಾಸು ಖರ್ಚಾಗುವ ಕೆಲಸ ಕೊಡಬಾರದು, ಬೇರೆಯವರು ಮಾಡಿಕೊಡಲು ಆಗುವ ಕೆಲಸ ಕೊಡಬಾರದು. ಹಾಗೆ ಹುಟ್ಟಿದ್ದು ಈ ‘ದಿನದ ಗಡಿಯಾರ’, ಅಂದರೆ ಆ ತಾಯಿ ಕಳ್ಳಿಯಾ ಎಂದು ಕೇಳಿದ ಪ್ರಾಜೆಕ್ಟು.

ಅದು ಹೀಗೆ. ಒಂದು ಹಾಳೆಯಲ್ಲಿ ದೊಡ್ಡ ವೃತ್ತ ಬರೆದು 24 ಭಾಗ ಮಾಡಬೇಕು. ಮಗು ತನ್ನ ಒಂದು ದಿನದ ಕೆಲಸಗಳನ್ನು ಅದರಲ್ಲಿ ತುಂಬಬೇಕು. ಇನ್ನೊಂದು ಹಾಳೆಯಲ್ಲಿ ಅಮ್ಮನದ್ದು, ಮತ್ತೊಂದರಲ್ಲಿ ಅಣ್ಣ ಅಥವಾ ಅಪ್ಪನದ್ದು. ಆಮೇಲೆ ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು, ಅಷ್ಟೇ. ಯಾರನ್ನೂ ಬೈಯುವ ಹಾಗಿಲ್ಲ.

ನಮ್ಮ ಕಡೆ ರೇಷ್ಮೆ ಸಾಕುವ ಮನೆಗಳು ಹೆಚ್ಚು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಣ್ಣಾಗುವ ತನಕ ಏಳೆಂಟು ದಿನ ಸೊಪ್ಪು ಎಷ್ಟು ತಂದರೂ ಸಾಲದು ಎಂಬುದು ನಿಮಗೆ ಗೊತ್ತೇ ಇದೆ. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಹೆಚ್ಚುಪಾಲು ಆ ಒಂದು ವಾರದಲ್ಲೇ ಮುಗಿಯುತ್ತದೆ. ಆಮೇಲೆ ಹಣ್ಣು ಹುಳು ಆರಿಸಿ ಚಂದ್ರಿಕೆಗೆ ಬಿಡುವ ಕೆಲಸ, ಅದಕ್ಕೆ ಹಗಲು ರಾತ್ರಿ ಇಲ್ಲ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಸರಿಯಾಗಿ ಆ ವಾರವೇ ಗಡಿಯಾರ ಬರೆದಳು. ಅಮ್ಮನ ಹಾಳೆಯಲ್ಲಿ ನಿದ್ರೆಗೆ ನಾಲ್ಕೂವರೆ ಗಂಟೆ. ತನ್ನ ಹಾಳೆಯಲ್ಲಿ ಓದಿಗೆ ಅರ್ಧ ಗಂಟೆ. ಪಿಯುಸಿ ಓದುವ ಅಣ್ಣನ ಹಾಳೆಯಲ್ಲಿ ಸೊಪ್ಪು ತರುವುದು ಎರಡು ಗಂಟೆ, ಮೊಬೈಲ್ ಮೂರು ಗಂಟೆ. ತರಗತಿಯಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ. “ಅಮ್ಮ ಯಾವಾಗ್ಲೂ ಸಿಡುಕ್ತಾಳೆ ಅಂತ ನಾನು ಅಂದ್ಕೋತಿದ್ದೆ” ಎಂದಷ್ಟೇ ಹೇಳಿದಳು.

ಅಣ್ಣನ ವಿಷಯ ಏನಾಯಿತು ಎಂದು ನೀವು ಕೇಳುತ್ತೀರಿ. ಮೊದಲು ಹಾಳೆ ಹರಿದು ಹಾಕಿದನಂತೆ. ಎರಡನೇ ಸಲ ಬರೆದಾಗ ಅಜ್ಜಿ ಓದಿಸಿ ಕೇಳಿದರಂತೆ. ಈಗ ಬೆಳಗಿನ ಒಂದು ಸೊಪ್ಪು ಹಾಕುವುದು ಅವನ ಪಾಲಿಗೆ ಬಂದಿದೆ. ಪಾತ್ರೆ ಇನ್ನೂ ಮುಟ್ಟುವುದಿಲ್ಲ. ಗಂಡುಮಕ್ಕಳಿಗೂ ಈ ತರಗತಿ ಇದೆ ಸಹೋದರಿಯರೇ. ಆದರೆ 10 ಹುಡುಗಿಯರು ಬಂದರೆ ಹುಡುಗರು ಇಬ್ಬರು ಬರುತ್ತಾರೆ. “ಅವನಿಗೆ ಕ್ರಿಕೆಟ್ ಇದೆ ಸಿಸ್ಟರ್” ಎಂದು ಸಮಜಾಯಿಷಿ ಹೇಳುವವರು ಅಪ್ಪಂದಿರಲ್ಲ, ನೀವೇ. ಸಿಟ್ಟು ನಿಭಾಯಿಸುವುದನ್ನು, ಬೇಡ ಎಂದರೆ ಬೇಡ ಎಂದು ಅರ್ಥಮಾಡಿಕೊಳ್ಳುವುದನ್ನು ಕ್ರಿಕೆಟ್ ಮೈದಾನ ಕಲಿಸುತ್ತದೆಯೇ, ನೀವೇ ಹೇಳಿ.

ಎರಡನೆಯ ಪ್ರಾಜೆಕ್ಟು ಮನೆ ಖರ್ಚಿನ ಪುಸ್ತಕ. ಇದರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಇದರಲ್ಲಿ ನಾವು ಒಂದು ದೊಡ್ಡ ತಪ್ಪು ಮಾಡಿದೆವು.

ಪುಸ್ತಕ ಸುಲಭ. 30 ದಿನ ಮನೆಗೆ ಬಂದ ಹಣ ಎಡಗಡೆ, ಹೋದ ಹಣ ಬಲಗಡೆ. ಸಂಘದ ನಗದು ಪುಸ್ತಕ ಬರೆಯುವವರಿಗೆ ಇದೇನೂ ಹೊಸದಲ್ಲ. ತಿಂಗಳ ಕೊನೆಗೆ ಕೂಡಿಸಿ, ಯಾವುದಕ್ಕೆ ಹೆಚ್ಚು ಹೋಯಿತು, ಸಾಲ ಇದ್ದರೆ ಬಡ್ಡಿ ಎಷ್ಟು ಎಂದು ನೋಡಬೇಕು. ಬಡ್ಡಿ ಲೆಕ್ಕ ಮಾಡಿದಾಗ ಮಕ್ಕಳ ಕಣ್ಣು ತೆರೆಯುವುದನ್ನು ನಾವು ನೋಡಿದ್ದೇವೆ. ಸಂಘದಲ್ಲಿ ತಿಂಗಳಿಗೆ ನೂರಕ್ಕೆ 2 ರೂಪಾಯಿಯಂತೆ 10,000 ಸಾಲ ತೆಗೆದರೆ, ಅಸಲು ಹಾಗೇ ಉಳಿದರೂ ವರ್ಷಕ್ಕೆ 2,400 ರೂಪಾಯಿ ಬಡ್ಡಿ. ಅದೇ 10,000ವನ್ನು ಊರಿನ ಕೈಸಾಲದಲ್ಲಿ ನೂರಕ್ಕೆ 5 ರೂಪಾಯಿಯಂತೆ ತೆಗೆದರೆ 6,000. ಎರಡು ವರ್ಷ ಬಿಟ್ಟರೆ ಬಡ್ಡಿಯೇ ಅಸಲನ್ನು ದಾಟುತ್ತದೆ. ಒಬ್ಬ ಹುಡುಗ ಇದನ್ನು ಕೂಡಿಸಿ, “ಹಂಗಾದ್ರೆ ನಮ್ಮಪ್ಪ ಮೂರು ವರ್ಷದಿಂದ ಬರೀ ಬಡ್ಡಿಗೇ ದುಡೀತಾ ಇದಾರಾ?” ಎಂದ. ಶಾಲೆಯಲ್ಲಿ ಸರಳ ಬಡ್ಡಿಯ ಲೆಕ್ಕದಲ್ಲಿ ಅವನಿಗೆ ಸೊನ್ನೆ ಬಂದಿತ್ತಂತೆ.

ನಮ್ಮ ತಪ್ಪಿನ ವಿಷಯಕ್ಕೆ ಬರುತ್ತೇವೆ. ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೇ ತರಗತಿಯ ಒಬ್ಬ ಹುಡುಗಿ ಖರ್ಚಿನ ಪುಸ್ತಕವನ್ನು ಬಹಳ ಅಚ್ಚುಕಟ್ಟಾಗಿ ಬರೆದಿದ್ದಳು. ಅಕ್ಕಿ, ಎಣ್ಣೆ, ತಮ್ಮನ ಜ್ವರದ ಮಾತ್ರೆ, ಎಲ್ಲವೂ ಇತ್ತು. 30 ದಿನಗಳಲ್ಲಿ 19 ದಿನ ‘ಅಪ್ಪನ ಬಾಟಲಿ’ ಎಂದೂ ಇತ್ತು. ಅದರ ಒಟ್ಟು ಮೊತ್ತ ಅಕ್ಕಿ ಬೇಳೆಯ ಮೊತ್ತಕ್ಕಿಂತ ಹೆಚ್ಚು. ಅವಳು ಅದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಳು. ನಮಗೆ ಬಹಳ ಸಂತೋಷವಾಯಿತು, ಇದೇ ಅಲ್ಲವೇ ವಿಮರ್ಶಿಸಿ ಯೋಚಿಸುವುದು ಎಂದು ಹಿಗ್ಗಿದೆವು. ಪೋಷಕರ ದಿನ ಬಂತು. ಒಳ್ಳೆಯ ಪ್ರಾಜೆಕ್ಟುಗಳನ್ನು ಗೋಡೆಗೆ ಹಚ್ಚಿದೆವು. ಅವಳ ಹೆಸರನ್ನು ಮುಚ್ಚಿದೆವು, ಆದರೆ ಊರಿನಲ್ಲಿ ಕೈಬರಹ ಯಾರದ್ದು, ‘ಜ್ವರ ಬಂದ ತಮ್ಮ’ ಯಾರು ಎಂದು ತಿಳಿಯಲು ಹೆಸರು ಬೇಕೇ? ಯಾರೋ ಓದಿ ನಕ್ಕರು. ಆ ನಗು ಅಂದು ಸಂಜೆಯೊಳಗೆ ಅಪ್ಪನ ಕಿವಿಗೆ ಬಿತ್ತು.

ಅವಳಿಗೆ ಏಟು ಬಿತ್ತು. ತಾಯಿಗೂ ಬಿತ್ತು. ಮುಂದಿನ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನ ವಾರ ಶಾಲೆಗೂ ಹೋಗಲಿಲ್ಲ. ತಿಂಗಳು ಕಳೆಯುವುದರೊಳಗೆ ಅವಳನ್ನು ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮನೆಗೆ, ಮಗು ನೋಡಿಕೊಳ್ಳಲು ಕಳಿಸಿದರು. ನಾವು ಮೂರು ಸಲ ಮನೆಗೆ ಹೋದೆವು. ಒಂದು ಸಲವೂ ಬಾಗಿಲೊಳಗೆ ಕರೆಯಲಿಲ್ಲ. ಆ ವರ್ಷ ಅವಳ ಪರೀಕ್ಷೆ ಹೋಯಿತು.

ಅವಳ ತಾಯಿ ನಮ್ಮ ಸಂಘದ ಸದಸ್ಯೆಯೇ. ಸಭೆಗೆ ಬರುತ್ತಿದ್ದರು, ಉಳಿತಾಯ ಕಟ್ಟುತ್ತಿದ್ದರು, ನಮ್ಮ ಮುಖ ನೋಡುತ್ತಿರಲಿಲ್ಲ. ಏಳೆಂಟು ತಿಂಗಳ ಮೇಲೆ ಒಂದು ದಿನ ಸಭೆ ಮುಗಿದು ಎಲ್ಲರೂ ಎದ್ದಾಗ ಅವರು ಮಾತ್ರ ಉಳಿದರು. “ಅವಳು ಬರೆದದ್ದು ಸುಳ್ಳಲ್ಲ ಸಿಸ್ಟರ್. ನೀವು ಗೋಡೆಗೆ ಹಚ್ಚಿದ್ದು ತಪ್ಪು” ಎಂದರು. ನಾವು ಕ್ಷಮೆ ಕೇಳಿದೆವು. ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಲ್ಲಿ ‘ಗೋಪ್ಯತೆ ಕಾಪಾಡುವುದು’ ಎಂದು ಪರೀಕ್ಷೆಗೆ ಹತ್ತು ಅಂಕಕ್ಕೆ ಬರೆದವರು ನಾವು. ಅದು ನಿಜವಾಗಿ ತಲೆಗೆ ಹತ್ತಿದ್ದು ಆ ತಾಯಿಯ ಮಾತಿನಿಂದ. ಮುಂದಿನ ವರ್ಷ ಆ ಹುಡುಗಿ ಖಾಸಗಿ ಅಭ್ಯರ್ಥಿಯಾಗಿ ಹತ್ತನೇ ತರಗತಿ ಕಟ್ಟಿ ಪಾಸಾದಳು. ಅದಕ್ಕೆ ಶುಲ್ಕ ಕಟ್ಟಿದ್ದು, ಅವಳನ್ನು ವಾಪಸು ಕರೆಸಿದ್ದು ಆ ತಾಯಿಯೇ, ಸಂಘದಿಂದ ಸಾಲ ತೆಗೆದು. ನಾವು ಮಾಡಿದ್ದು ಅರ್ಜಿ ತುಂಬಿದ್ದು ಮಾತ್ರ. ಅವಳು ಈಗಲೂ ನಮ್ಮ ಕೇಂದ್ರದ ಕಡೆ ಬರುವುದಿಲ್ಲ. ಬರಬೇಕೆಂದು ನಾವು ಕೇಳುವ ಹಕ್ಕೂ ಇಲ್ಲ.

ಅಂದಿನಿಂದ ತರಗತಿಯ ಕ್ರಮ ಬದಲಾಗಿದೆ. ಮಕ್ಕಳಿಗೆ ಎರಡು ಪುಸ್ತಕ. ಒಂದು ಎಲ್ಲರಿಗೂ ತೋರಿಸುವ ಪುಸ್ತಕ, ಇನ್ನೊಂದು ತನ್ನ ಪುಸ್ತಕ. ತನ್ನ ಪುಸ್ತಕವನ್ನು ಮಗು ಮನೆಗೆ ಒಯ್ಯಬೇಕೆಂದಿಲ್ಲ, ಕೇಂದ್ರದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಬಹುದು. ಅದನ್ನು ಓದಲು ನಾವೂ ಕೇಳಬೇಕು, ಮಗು “ಬೇಡ” ಅಂದರೆ ಓದುವುದಿಲ್ಲ. ಖರ್ಚಿನ ಪ್ರಾಜೆಕ್ಟನ್ನು ಈಗ ‘ಒಂದು ಮನೆ’ ಎಂದು ಕಲ್ಪಿತ ಮನೆಯ ಹೆಸರಿನಲ್ಲಿ ಗುಂಪಾಗಿ ಮಾಡಿಸುತ್ತೇವೆ. ನಾಲ್ಕು ಮಕ್ಕಳು ಸೇರಿ ಗಂಡ, ಹೆಂಡತಿ, ಮೂರು ಮಕ್ಕಳಿರುವ ಮನೆಗೆ ತಿಂಗಳ ಲೆಕ್ಕ ಬರೆಯುತ್ತಾರೆ. ವಿಚಿತ್ರ ಏನೆಂದರೆ, ಆ ಕಲ್ಪಿತ ಮನೆಯಲ್ಲೂ ಬಾಟಲಿ ಬಂದೇ ಬರುತ್ತದೆ. ಆಗ ಅದರ ಬಗ್ಗೆ ಎಲ್ಲರೂ ಬಾಯಿ ಬಿಟ್ಟು ಮಾತಾಡುತ್ತಾರೆ, ಯಾರ ಅಪ್ಪನೂ ಗೋಡೆ ಮೇಲೆ ಇರುವುದಿಲ್ಲ.

ಸ್ವಂತ ಮನೆಯ ಲೆಕ್ಕ ಬರೆಯಬೇಕೋ ಬೇಡವೋ ಎಂಬುದನ್ನು ಮಗು ಮತ್ತು ತಾಯಿ ಸೇರಿ ತೀರ್ಮಾನಿಸಲಿ. ಬರೆಯುವುದಾದರೆ ಪುಸ್ತಕ ಮನೆಯಲ್ಲೇ ಇರಲಿ. ಇಲ್ಲಿ ನಿಮ್ಮ ಪಾತ್ರ ದೊಡ್ಡದು. ಸಾಲದ ವಿಷಯ ಮಕ್ಕಳಿಗೆ ಹೇಳಬಾರದು ಎಂದು ನೀವು ಮುಚ್ಚಿಡುತ್ತೀರಿ. ಅವರಿಗೆ ಗೊತ್ತಿರುತ್ತದೆ. ಬಾಗಿಲಿಗೆ ಬಂದವರನ್ನು ಕಂಡು “ಅಮ್ಮ ಮನೇಲಿಲ್ಲ ಅಂತ ಹೇಳು” ಎಂದು ನಾವೇ ಹೇಳಿಕೊಟ್ಟಿರುತ್ತೇವಲ್ಲ! ಎಷ್ಟು, ಯಾವುದಕ್ಕೆ, ಹೇಗೆ ತೀರಿಸುತ್ತೇವೆ ಎಂದು 15 ವರ್ಷದ ಮಗುವಿಗೆ ನೇರವಾಗಿ ಹೇಳಿದರೆ ಅದರ ಭಯ ಕಡಿಮೆಯಾಗುತ್ತದೆ.

ಮೂರನೆಯದು ಸಂದರ್ಶನ. ‘ಅಮ್ಮನಿಗೆ 15 ವರ್ಷ ಆಗಿದ್ದಾಗ’ ಎಂಬುದು ವಿಷಯ. ಆಗ ನೀನು ಎಲ್ಲಿದ್ದೆ, ಏನು ಓದುತ್ತಿದ್ದೆ, ಏನಾಗಬೇಕು ಅಂತ ಆಸೆ ಇತ್ತು, ನಿನ್ನ ಬಗ್ಗೆ ಯಾರು ತೀರ್ಮಾನ ಮಾಡಿದರು, ಇವಿಷ್ಟು ಪ್ರಶ್ನೆ. ಬಹಳ ತಾಯಂದಿರು “ಅದೆಲ್ಲ ಈಗ್ಯಾಕೆ, ಹೋಗು ಓದ್ಕೋ” ಎಂದು ಗದರಿಸಿ ಕಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಮನೆಯಲ್ಲಿ ಮಗಳಿಗೆ ಸೋದರಮಾವನ ಜೊತೆ ಮಾತುಕತೆ ನಡೆಯುತ್ತಿತ್ತು, ಹುಡುಗಿಗೆ 16. ಈ ಪ್ರಶ್ನೆ ಕೇಳಿದಾಗ ತಾಯಿ ಒಲೆ ಮುಂದೆ ಕೂತು, ತನಗೂ ಹದಿನಾರರಲ್ಲೇ ಮದುವೆ ಆದದ್ದು, ಗಣಿತದ ಮೇಷ್ಟ್ರು ಮನೆಗೆ ಬಂದು “ಈ ಹುಡುಗೀನ ಬಿಡಿಸಬೇಡಿ” ಎಂದು ಅಪ್ಪನ ಹತ್ತಿರ ಕೇಳಿಕೊಂಡದ್ದು, ಮೊದಲ ಮಗು ಹೊಟ್ಟೆಯಲ್ಲೇ ಹೋದದ್ದು, ಎಲ್ಲ ಹೇಳಿದರಂತೆ. ಹೇಳುತ್ತಾ ಹೇಳುತ್ತಾ ಅವರಿಗೇ ಏನನ್ನಿಸಿತೋ, ಅಂದು ರಾತ್ರಿ ಗಂಡನ ಹತ್ತಿರ “ಪಿಯುಸಿ ಮುಗೀಲಿ” ಎಂದರಂತೆ. ಮಾತುಕತೆ ಪೂರ್ತಿ ನಿಂತಿಲ್ಲ, ಮುಂದಕ್ಕೆ ಹೋಗಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 20ರಿಂದ 24 ವರ್ಷದ ನೂರು ಹೆಣ್ಣುಮಕ್ಕಳಲ್ಲಿ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಕಾನೂನು ಇಲ್ಲದೆ ಅಲ್ಲ, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದೆ. ಈ ವಿಷಯದಲ್ಲಿ ಕಾನೂನಿಗಿಂತ ಮೊದಲು ಮಗಳ ಕಿವಿಗೆ ಬೀಳಬೇಕಾದದ್ದು ಅಮ್ಮನ ಕಥೆ ಎಂಬುದು ನಮ್ಮ ಅನುಭವ.

ಉಳಿದವು ಸಣ್ಣ ಕೆಲಸಗಳು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಕ್ಕಳೇ ಗುಂಪಾಗಿ ಹೋಗಿ, ಚೀಟಿ ಮಾಡಿಸಿ, ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡಿಸಿಕೊಂಡು ಬರಬೇಕು. ಹದಿಹರೆಯದ ಹೆಣ್ಣುಮಕ್ಕಳಿಗೆ ಅದು 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಮೇಲೆ ಹೇಳಿದ ಸಮೀಕ್ಷೆಯಲ್ಲೇ ದೇಶದ 15ರಿಂದ 19 ವರ್ಷದ ನೂರು ಹುಡುಗಿಯರಲ್ಲಿ 59 ಮಂದಿಗೆ ಇದು ಕಂಡುಬಂದಿತ್ತು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯುವವರು ಬಹಳ. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಹೆದರಬೇಕಿಲ್ಲ. ಮಾತ್ರೆ ನುಂಗಿದ ಕೂಡಲೇ ಟೀ ಕುಡಿಯಬಾರದು, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಇದನ್ನು ಮಗಳ ಜೊತೆ ನೀವೂ ಕೇಳಿಸಿಕೊಳ್ಳಿ, ನಿಮ್ಮ ರಕ್ತವೂ ಹೆಚ್ಚೇನಿರುವುದಿಲ್ಲ.

ಇನ್ನೊಂದು ಬ್ಯಾಂಕಿನ ಕೆಲಸ. 10 ವರ್ಷ ತುಂಬಿದ ಮಗು ಬ್ಯಾಂಕಿನ ನಿಯಮಕ್ಕೆ ಒಳಪಟ್ಟು ತನ್ನ ಉಳಿತಾಯ ಖಾತೆಯನ್ನು ತಾನೇ ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ. ಸ್ಲಿಪ್ಪನ್ನು ಮಗುವೇ ತುಂಬಲಿ, ತಪ್ಪಾದರೆ ಇನ್ನೊಂದು ಸ್ಲಿಪ್ ತೆಗೆದುಕೊಳ್ಳಲಿ. ನೀವು ಪಕ್ಕದಲ್ಲಿ ನಿಲ್ಲಿ, ಪೆನ್ನು ಕಿತ್ತುಕೊಳ್ಳಬೇಡಿ.

ಮೊಬೈಲಿನ ಬಗ್ಗೆ ಪಾತ್ರಾಭಿನಯ ಮಾಡಿಸುತ್ತೇವೆ. ಗುರುತಿಲ್ಲದವನು ಫೋಟೋ ಕೇಳಿದರೆ, ಗುರುತಿರುವವನೇ ಕೇಳಿದರೆ, ಓಟಿಪಿ ಕೇಳಿದರೆ ಹೇಗೆ ಬೇಡ ಅನ್ನುವುದು. ತಮಾಷೆ ಎಂದರೆ ಗುರುತಿಲ್ಲದವನಿಗೆ ಬೇಡ ಎನ್ನಲು ಯಾರಿಗೂ ಕಷ್ಟವಾಗುವುದಿಲ್ಲ, ಗುರುತಿರುವವನ ಮುಂದೆ ಎಲ್ಲರ ನಾಲಿಗೆಯೂ ತೊದಲುತ್ತದೆ. ಇದನ್ನು ಮನೆಯಲ್ಲಿ ಅಭ್ಯಾಸ ಮಾಡುವುದು ಹೇಗೆ? ಮಗಳು ನಿಮಗೆ ಒಂದು ಸಲ “ಬೇಡ” ಎಂದಾಗ ಎದುರುತ್ತರ ಎಂದು ಬಾಯಿ ಮುಚ್ಚಿಸದೆ, ಯಾಕೆ ಬೇಡ ಎಂದು ಕೇಳಿ. ಅಮ್ಮನಿಗೆ ಬೇಡ ಎನ್ನಲು ಬಿಡದ ಮನೆಯ ಹುಡುಗಿ ಹೊರಗಿನವನಿಗೆ ಬೇಡ ಎನ್ನುವ ಧೈರ್ಯ ಎಲ್ಲಿಂದ ತರಬೇಕು? ಓಟಿಪಿ ಹೇಳಿ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು ಎಂಬುದನ್ನು ಮಕ್ಕಳೇ ಈಗ ಮನೆಯ ಹಿರಿಯರಿಗೆ ಹೇಳಿಕೊಡುತ್ತಿದ್ದಾರೆ.

ಒಂದು ಗಂಭೀರ ವಿಷಯ ಉಳಿಯಿತು. ಇಂಥ ಪ್ರಾಜೆಕ್ಟು ಮಾಡುವಾಗ ಕೆಲವೊಮ್ಮೆ ಮಗು ನಾವು ಕೇಳದ ಸಂಗತಿಯನ್ನೂ ಹೇಳಿಬಿಡುತ್ತದೆ. ಮನೆಗೆ ಬರುವ ಒಬ್ಬ ನೆಂಟ ಕೈ ಹಾಕುತ್ತಾನೆ ಎಂದಿರಬಹುದು, ಬದುಕೋದೇ ಬೇಡ ಅನ್ನಿಸ್ತಿದೆ ಎಂದಿರಬಹುದು. ಗೋಪ್ಯತೆ ಎಂದು ಮೇಲೆ ಹೇಳಿದೆವು. ಆದರೆ ಮಗುವಿನ ಜೀವಕ್ಕೆ, ಮೈಗೆ ಅಪಾಯವಿದ್ದರೆ ಅದನ್ನು ನಾವು ಬೀಗ ಹಾಕಿ ಇಡುವುದಿಲ್ಲ, ಇಡಲೂ ಬಾರದು. ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ತಿಳಿಸದೆ ಇರುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅಪರಾಧವೇ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿರುತ್ತೇವೆ. ನಿಮ್ಮ ಹತ್ತಿರ ಮಗು ಹೇಳಿದರೆ ಮೊದಲು ನಂಬಿ. “ನೀನ್ಯಾಕೆ ಅಲ್ಲಿಗೆ ಹೋದೆ?” ಎಂಬ ಪ್ರಶ್ನೆ ನಾಲಿಗೆ ತುದಿಗೆ ಬಂದರೂ ನುಂಗಿಕೊಳ್ಳಿ. ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸಿನ ಸಂಕಟಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಈ ಎರಡೂ ಸಂಖ್ಯೆಗಳನ್ನು ಸಂಘದ ನಡಾವಳಿ ಪುಸ್ತಕದ ಒಳ ರಟ್ಟಿನ ಮೇಲೆ ಬರೆದಿಡಿ.

ಮುಂದಿನ ವಾರದ ಸಭೆಗೆ ಒಂದು ಕೆಲಸ. ಈ ಸಲ ಪ್ರಾಜೆಕ್ಟು ಮಕ್ಕಳಿಗಲ್ಲ, ನಿಮಗೆ. ಪ್ರತಿಯೊಬ್ಬ ಸದಸ್ಯೆಯೂ ತನ್ನ ಒಂದು ದಿನದ ಗಡಿಯಾರ ಬರೆದು ತರಬೇಕು. ಬರೆಯಲು ಬಾರದವರು ಮಗನ ಕೈಯಲ್ಲಿ ಬರೆಸಲಿ, ಮಗಳ ಕೈಯಲ್ಲಿ ಅಲ್ಲ. ತಂದ ಹಾಳೆಯನ್ನು ಯಾರಿಗೂ ತೋರಿಸಬೇಕೆಂದಿಲ್ಲ. ತೋರಿಸಲು ಮನಸ್ಸಿದ್ದವರು ಮಾತ್ರ ಓದಲಿ, ಉಳಿದವರು ಕೇಳಲಿ. ಆಮೇಲೆ ಅರ್ಧ ಗಂಟೆ ಎರಡು ವಿಷಯ ಮಾತಾಡಿ: ನಿಮ್ಮ ದಿನದಲ್ಲಿ ಮಗ ಅಥವಾ ಗಂಡ ತೆಗೆದುಕೊಳ್ಳಬಹುದಾದ ಕೆಲಸ ಯಾವುದು, ಮತ್ತು ನಿಮ್ಮ ಮಗಳ ಓದಿನ ಗಂಟೆ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಯಾರು ಅದನ್ನು ನಡುವೆ ಮುರಿಯುತ್ತಾರೆ. ಹಾಳೆ ಮಕ್ಕಳ ಹಳೇ ನೋಟ್‌ಬುಕ್ಕಿನದ್ದೇ ಆಗಲಿ, ಪೆನ್ಸಿಲ್ ಸಾಕು. ಚಾರ್ಟ್ ತರಬೇಡಿ.